ಖಾಲಿ ಸಾಲಿನ ಓನರ್

ನಾನು ಆ ಫೈಲಿನ ಓನರ್ ಆದದ್ದು ಒಂದು ಖಾಲಿ ಸಾಲನ್ನು ಅಳಿಸಿ. ಅದರಲ್ಲಿ ಅಕ್ಷರ ಇರಲಿಲ್ಲ, ಅಂಕಿ ಇರಲಿಲ್ಲ, ಒಂದು ಚುಕ್ಕೆಯೂ ಇರಲಿಲ್ಲ. ಎರಡು ಸಾಲುಗಳ ನಡುವೆ ಇನ್ನೊಂದು ಸಾಲಿನಷ್ಟು ಜಾಗ ಸುಮ್ಮನೆ ಬಿದ್ದುಕೊಂಡಿತ್ತು. ಬೇರೆ ಏನನ್ನೋ ಹುಡುಕುತ್ತ ಆ ಫೈಲು ತೆರೆದಿದ್ದೆ, ಅದು ಕಣ್ಣಿಗೆ ಚುಚ್ಚಿತು. ಮಡಚಿಟ್ಟ ಬಟ್ಟೆಗಳಲ್ಲಿ ಒಂದು ವಾರೆಯಾಗಿದ್ದರೆ ಕೈ ತಾನಾಗಿ ಹೋಗುತ್ತದಲ್ಲ, ಹಾಗೆ ಹೋಯಿತು. ಒಂದು ಕೀ ಒತ್ತಿದೆ, ಸೇವ್ ಮಾಡಿದೆ, ಕಾಫಿ ತರಲು ಎದ್ದೆ. ಲೋಟ ಹಿಡಿದು ವಾಪಸು ಬರುವಷ್ಟರಲ್ಲಿ ಮೇಲ್ ಬಂದು ಕೂತಿತ್ತು: ಅಭಿನಂದನೆಗಳು, ಇಂದಿನಿಂದ ಈ ಫೈಲಿನ ಓನರ್ ನೀವು.

ನಮ್ಮದು ಬಹಳ ದೊಡ್ಡ ಬ್ಯಾಂಕು. ದೊಡ್ಡದು ಅಂದರೆ ಅದರ ನಿಯಮಗಳನ್ನು ಬರೆದವರು ಯಾರು ಅಂತ ಈಗ ಯಾರಿಗೂ ಗೊತ್ತಿಲ್ಲದಷ್ಟು ದೊಡ್ಡದು. ಅಂಥ ನಿಯಮಗಳಲ್ಲಿ ಇದೊಂದು: ಫೈಲನ್ನು ಕಡೆಯದಾಗಿ ಬದಲಾಯಿಸಿದವರು ಯಾರೋ ಅವರೇ ಅದರ ಓನರ್. ಸಾವಿರ ಸಾಲು ಬರೆದರೂ ಓನರ್, ಒಂದು ಖಾಲಿ ಸಾಲು ಅಳಿಸಿದರೂ ಓನರ್. ಓನರ್ ಅಂದರೆ ಒಡೆತನ ಗಿಡೆತನ ಏನೂ ಇಲ್ಲ, ಅದು ಕೆಟ್ಟಾಗ ಬೈಸಿಕೊಳ್ಳಬೇಕಾದವರು ಅಂತ ಅಷ್ಟೇ. ನಿಮ್ಮ ನಂತರ ಇನ್ನೊಬ್ಬರು ಕೈ ಹಾಕುವ ತನಕ ಅದು ನಿಮ್ಮ ಕೊರಳಿಗೆ. ಹಾಗಾಗಿ ನಮ್ಮ ಮಹಡಿಯಲ್ಲಿ ಪ್ರೋಗ್ರಾಂ ಬರೆಯಲೆಂದೇ ಸಂಬಳ ತೆಗೆದುಕೊಳ್ಳುವ ಇನ್ನೂರು ಜನ, ಯಾವ ಪ್ರೋಗ್ರಾಮಿಗೂ ಕೈ ಹಾಕದೆ ದಿನ ಕಳೆಯುವುದು ಹೇಗೆ ಅನ್ನುವುದರಲ್ಲೇ ಬುದ್ಧಿ ಸವೆಸುತ್ತೇವೆ. ತಪ್ಪು ಕಂಡರೆ ಕಾಣದವರ ಹಾಗೆ ಫೈಲು ಮುಚ್ಚುವವರನ್ನು ಇಲ್ಲಿ ಅನುಭವಿಗಳು ಅನ್ನುತ್ತಾರೆ. ನಾನಾಗ ಸೇರಿ ಎರಡು ತಿಂಗಳಾಗಿತ್ತು, ಯಾರೂ ಹೇಳಿರಲಿಲ್ಲ.

ಆ ಫೈಲಿಗೆ ಮಹಡಿಯಲ್ಲಿ ಎಲ್ಲರೂ ಇಟ್ಟಿದ್ದ ಹೆಸರು ಮುದುಕಿ. ನನಗಿಂತ ಎರಡು ವರ್ಷ ದೊಡ್ಡದು. ಬ್ಯಾಂಕು ತನ್ನ ಗ್ರಾಹಕರಿಗೆ ಕಳಿಸುವ ಕಾಗದಗಳ ಮೇಲೆ ವಿಳಾಸ ಹಾಕುವುದು ಅದರ ಕೆಲಸ, ಮಾಡುವುದು ತಿಂಗಳ ಕೊನೆಯ ನಾಲ್ಕು ದಿನ. ಯಾವುದೋ ಕಾಲದಲ್ಲಿ ಒಂದು ಸಲ ಅದು ಕೆಟ್ಟು, ಒಂದಿಡೀ ಊರಿನ ಕಾಗದಗಳೆಲ್ಲ ಪಕ್ಕದ ಮನೆಗಳಿಗೆ ಹೋದವಂತೆ. ಯಾರ ವ್ಯವಹಾರ ಏನು ಅಂತ ಅಕ್ಕಪಕ್ಕದವರಿಗೆಲ್ಲ ಗೊತ್ತಾಗಿ, ಎರಡು ಮದುವೆ ಮುರಿದವಂತೆ. ಅಂದಿನಿಂದ ಮುದುಕಿಗೆ ಮೊದಲ ದರ್ಜೆಯ ಮರ್ಯಾದೆ. ಆ ನಾಲ್ಕು ದಿನ ಅದರ ಓನರ್ ಕಟ್ಟಡದೊಳಗೇ ಇರಬೇಕು. ಗ್ರಾಹಕರ ವಿಳಾಸಗಳನ್ನು ಹೊರಗಿನಿಂದ ತೆರೆಯುವ ಹಾಗಿಲ್ಲ, ಅದಕ್ಕೆ. ಎಂಟು ವರ್ಷ ನಾನು ತಿಂಗಳಿಗೆ ನಾಲ್ಕು ದಿನ ಆ ಮುದುಕಿಯ ಸೇವೆಗೆ ಕೂತೆ.

ಕೂತೆ ಅಂದೆನಲ್ಲ, ಅದೂ ಸುಲಭವಲ್ಲ. ನಮ್ಮಲ್ಲಿ ಯಾರಿಗೂ ಸ್ವಂತ ಕುರ್ಚಿಯಿಲ್ಲ. ದಿನಾ ಬೆಳಿಗ್ಗೆ ಫೋನಿನಲ್ಲಿ ಕುರ್ಚಿ ಬುಕ್ ಮಾಡಬೇಕು. ಇನ್ನೂರು ಜನಕ್ಕೆ ನೂರ ನಲವತ್ತು ಕುರ್ಚಿ, ಏಕೆಂದರೆ ಯಾವಾಗಲೂ ಅರವತ್ತು ಜನ ರಜೆಯಲ್ಲಿರುತ್ತಾರೆ ಅಂತ ಯಾರೋ ಲೆಕ್ಕ ಹಾಕಿದ್ದಾರೆ. ಯಾರಿಗೆ ರಜೆ ಕೊಟ್ಟು ಈ ಲೆಕ್ಕ ಹಾಕಿದರೋ ಆ ಪುಣ್ಯಾತ್ಮರಿಗೇ ಗೊತ್ತು. ಏಳೂವರೆಗೆ ಬುಕ್ ಮಾಡದಿದ್ದರೆ ಝೆರಾಕ್ಸ್ ಯಂತ್ರದ ಪಕ್ಕದ ಸ್ಟೂಲೇ ಗತಿ. ತಲೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಎಲ್ಲರ ಹೆಸರಿನ ಮುಂದೆ ಒಂದೊಂದು ಹಸಿರು ದೀಪ. ಐದು ನಿಮಿಷ ಕೀಬೋರ್ಡ್ ಮುಟ್ಟದಿದ್ದರೆ ದೀಪ ಹಳದಿಯಾಗುತ್ತದೆ. ಯೋಚನೆ ಮಾಡುವುದನ್ನು ಬ್ಯಾಂಕು ಕೆಲಸ ಅಂತ ಒಪ್ಪುವುದಿಲ್ಲ. ನಮ್ಮಲ್ಲಿ ಒಬ್ಬಾಕೆ ಯೋಚಿಸುವಾಗೆಲ್ಲ ಪೆನ್ನಿನ ತುದಿಯಿಂದ ಒಂದೇ ಕೀಯನ್ನು ಟಕ್ ಟಕ್ ಅಂತ ಕುಟ್ಟುತ್ತಿರುತ್ತಾಳೆ. ಅವಳನ್ನು ನಾವು ಪೆನ್ನಕ್ಕ ಅಂತಲೇ ಕರೆಯುವುದು. ಅವಳ ದೀಪ ಹಳದಿಯಾದದ್ದನ್ನು ಯಾರೂ ಕಂಡಿರಲಿಲ್ಲ, ಮೂರು ವರ್ಷದಿಂದ ಅವಳೇ ಮಹಡಿಯ ಅತ್ಯುತ್ತಮ ಉದ್ಯೋಗಿ.

ನಮ್ಮ ಮ್ಯಾನೇಜರಿಗೆ ನಾವಿಟ್ಟ ಹೆಸರು ಒಟ್ಟಾಗಿ. ಅವರ ಪ್ರತಿ ಮಾತೂ 'ನಾವೆಲ್ಲ ಒಟ್ಟಾಗಿ' ಅಂತಲೇ ಶುರುವಾಗುತ್ತದೆ. ನಾವೆಲ್ಲ ಒಟ್ಟಾಗಿ ಈ ಶನಿವಾರ ಬರೋಣ ಅನ್ನುತ್ತಾರೆ, ಶನಿವಾರ ಅವರೊಬ್ಬರನ್ನು ಬಿಟ್ಟು ಎಲ್ಲರೂ ಬಂದಿರುತ್ತೇವೆ. ಕ್ರೆಡಿಟ್ ಕಾರ್ಡ್ ಮಾರುವ ಕಡೆಯಿಂದ ಮೇಲೇರಿ ಬಂದವರು, ಪ್ರೋಗ್ರಾಂ ಅಂದರೆ ಏನು ಅಂತ ತಿಳಿದುಕೊಳ್ಳುವ ಚಪಲವನ್ನು ಎಂದೂ ಇಟ್ಟುಕೊಂಡವರಲ್ಲ. ಬೆಳಗಿನ ಹದಿನೈದು ನಿಮಿಷದ ಮೀಟಿಂಗಿನಲ್ಲಿ ನಾವು ನಿಂತಿರಬೇಕು. ನಿಂತರೆ ಮಾತು ಬೇಗ ಮುಗಿಯುತ್ತದೆ ಅಂತ ಶಾಸ್ತ್ರ. ಒಟ್ಟಾಗಿಯವರು ಕೂತಿರುತ್ತಾರೆ, ಅದಕ್ಕೇ ಅದು ಒಂದು ಗಂಟೆ ನಡೆಯುತ್ತದೆ.

ಇವನ್ನೆಲ್ಲ ನಗುತ್ತ ಹೇಳಿಕೊಂಡು ತಿರುಗಬಹುದಿತ್ತು, ಅಮ್ಮನ ವಿಷಯವೊಂದು ಇಲ್ಲದಿದ್ದರೆ.

ಮೂರು ವರ್ಷದ ಹಿಂದೆ, ತಿಂಗಳ ಇಪ್ಪತ್ತೇಳನೇ ತಾರೀಖು, ಅಕ್ಕ ಫೋನ್ ಮಾಡಿದಳು. ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು, ರೈಲಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ಮದುವೆ ಬೇಡವೆಂದು ಅಮ್ಮನ ಜೊತೆಯೇ ಇದ್ದವಳು. ಅಮ್ಮ ಊಟ ಬಿಟ್ಟಿದ್ದಾಳೆ, ಡಾಕ್ಟರು ನಾಲ್ಕೈದು ದಿನ ಅಂತಿದ್ದಾರೆ, ಬಾ ಅಂದಳು. ನಾನು ಒಟ್ಟಾಗಿಯವರ ಬಳಿ ಹೋದೆ. ಅವರು ಮುಖ ಸಪ್ಪೆ ಮಾಡಿಕೊಂಡು ರಜೆಯ ಅರ್ಜಿಯನ್ನು ನನ್ನೆದುರೇ ತೆರೆದು ತೋರಿಸಿದರು. ತಾಯಿ ತೀರಿಕೊಂಡರೆ ಅಂತ ಅದರಲ್ಲಿ ಒಂದು ಸಾಲಿತ್ತು, ಮೂರು ದಿನ, ತಕ್ಷಣ ಮಂಜೂರು. ತಾಯಿ ಸಾಯುತ್ತಿದ್ದರೆ ಅಂತ ಸಾಲಿರಲಿಲ್ಲ. ಮುದುಕಿಗೆ ಬೇರೆ ಓನರ್ ಹುಡುಕಿ ಹೋಗಿ ಅಂದರು, ಯಾರೂ ಸಿಗಲಿಲ್ಲ. ಒಂದನೇ ತಾರೀಖು ಬಂದುಬಿಡ್ತೀನಿ ಅಂತ ಅಕ್ಕನಿಗೆ ಹೇಳಿದೆ. ಅಮ್ಮ ಮೂವತ್ತನೇ ತಾರೀಖು ಮಧ್ಯಾಹ್ನ ಹೋದಳು. ಒಟ್ಟಾಗಿಯವರು ಹೇಳಿದ ಹಾಗೆಯೇ ಮೂರು ದಿನದ ರಜೆ ಎರಡು ನಿಮಿಷದಲ್ಲಿ ಮಂಜೂರಾಯಿತು. ನಾನು ಹೋಗಿ ನೋಡಿದ್ದು ಬಿಳಿ ಬಟ್ಟೆ ಹೊದಿಸಿದ್ದ ಅಮ್ಮನನ್ನು.

ಅಕ್ಕ ಜಗಳ ಆಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ಅವಳು ನನ್ನನ್ನು ಏನೂ ಕೇಳುವುದನ್ನು ಬಿಟ್ಟಳು, ಅಷ್ಟೇ. ಹುಷಾರಾ ಅಂದರೆ ಹುಷಾರು, ಏನಾದರೂ ಬೇಕಾ ಅಂದರೆ ಬೇಡ.

ಅದಕ್ಕೇ ಅವಳ ಹೃದಯದ ಕವಾಟದ ಆಪರೇಷನ್ ವಿಷಯ ನನಗೆ ತಿಳಿದದ್ದು ಅವಳಿಂದಲ್ಲ, ಅವಳ ಬಳಿ ಹೊಲಿಗೆ ಕಲಿತ ಹೆಂಗಸೊಬ್ಬಳಿಂದ. ಇಪ್ಪತ್ತೇಳಕ್ಕೆ ಆಸ್ಪತ್ರೆಗೆ ಸೇರಬೇಕು, ಮೂವತ್ತಕ್ಕೆ ಆಪರೇಷನ್. ತಕ್ಷಣ ಅಕ್ಕನಿಗೆ ಫೋನ್ ಮಾಡಿ, ಯಾಕೆ ಹೇಳಲಿಲ್ಲ ಅಂತ ಗದರಿದೆ.

"ತಿಂಗಳ ಕೊನೆ ಅಲ್ವೇನೆ," ಅಂದಳು, "ನಿನಗೆ ಬರೋಕೆ ಆಗಲ್ಲ ಅಂತ ಗೊತ್ತಿತ್ತು. ಸುಮ್ನೆ ನಿನಗೂ ಕಷ್ಟ."

ಕುಹಕ ಇರಲಿಲ್ಲ ಆ ಮಾತಿನಲ್ಲಿ. ಬಸ್ಸು ಇಷ್ಟು ಹೊತ್ತಿಗೆ ಸಿಗುವುದಿಲ್ಲ ಅನ್ನುವ ಹಾಗೆ ಹೇಳಿದಳು. ಬರ್ತೀನಿ ಕಣೇ, ಇಪ್ಪತ್ತೇಳಕ್ಕೆ ನಿನ್ನ ಜೊತೇನೇ ಇರ್ತೀನಿ ಅಂತ ನಾನು ಮೂರು ಸಲ ಹೇಳಿದೆ. ಮೂರು ಸಲವೂ ಅವಳು ಹೂಂ ಅಂದಳು. ಆ ಹೂಂ ಕೇಳಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಈ ಸಲ ಹೋಗದಿದ್ದರೆ ಇನ್ನು ಜನ್ಮದಲ್ಲಿ ಅವಳಿಗೆ ಮುಖ ತೋರಿಸುವ ಹಾಗಿಲ್ಲ ಅಂತ ಗೊತ್ತಾಯಿತು. ಕೈಯಲ್ಲಿ ಇಪ್ಪತ್ತು ದಿನ ಇತ್ತು.

ಒಟ್ಟಾಗಿಯವರು ಈ ಸಲವೂ ಅದನ್ನೇ ಹೇಳಿದರು. ರಜೆಗೆ ಅವರದೇನೂ ಅಭ್ಯಂತರವಿಲ್ಲ, ನಾವೆಲ್ಲ ಒಟ್ಟಾಗಿ ಒಂದು ಕುಟುಂಬ, ಆದರೆ ಓನರ್ ಬದಲಾಗಬೇಕು. ಬದಲಾಗಬೇಕೆಂದರೆ ಯಾರಾದರೂ ಫೈಲಿಗೆ ಕೈ ಹಾಕಬೇಕು. ಸಿಸ್ಟಮ್ ಹಾಗಿದೆ, ನನ್ನ ಕೈಯಲ್ಲಿ ಏನಿದೆ ಹೇಳಿ ಅಂತ ಎರಡೂ ಅಂಗೈ ಬಿಚ್ಚಿ ತೋರಿಸಿದರು. ಅಂಗೈಯಲ್ಲಿ ಖಂಡಿತ ಏನೂ ಇರಲಿಲ್ಲ.

ಮೊದಲು ನಮ್ಮ ಮಹಡಿಯ ಗಡ್ಡದವನೊಬ್ಬನನ್ನು ಕೇಳಿದೆ. ಅವನ ಮಗಳು ಹುಟ್ಟಿದಾಗ ಎರಡು ವಾರ ಅವನ ಕೆಲಸವನ್ನೆಲ್ಲ ನಾನೇ ತಲೆ ಮೇಲೆ ಹೊತ್ತಿದ್ದೆ. ಅವನು ನನ್ನ ಕೈ ಹಿಡಿದುಕೊಂಡು, ಅಕ್ಕನಿಗೆ ಏನೂ ಆಗಲ್ಲ, ಧೈರ್ಯವಾಗಿರಿ ಅಂದ. ಕಣ್ಣಲ್ಲಿ ನೀರು ಕೂಡ ತಂದುಕೊಂಡ. ಫೈಲಿನ ಮಾತು ಬಂದ ಕೂಡಲೇ ನೀರು ಇಂಗಿತು. ಕೊಡಬಹುದಿತ್ತು, ಆದರೆ ಈ ತಿಂಗಳು ಮಗಳ ಶಾಲೆಯಲ್ಲಿ ಏನೋ ಇದೆ ಅಂದ. ಮಗಳಿಗಿನ್ನೂ ಎರಡು ವರ್ಷ. ಪೆನ್ನಕ್ಕನನ್ನು ಕೇಳಿದೆ. ಅವಳು ಒಂದು ಕೈಯಲ್ಲಿ ಟಕ್ ಟಕ್ ಅನ್ನುತ್ತಲೇ, ತನಗೆ ಆ ಭಾಷೆ ಬರುವುದೇ ಇಲ್ಲ ಅಂದಳು. ಆ ಭಾಷೆಯನ್ನು ನನಗೆ ಕಲಿಸಿದವಳೇ ಅವಳು. ಹೀಗೆ ಹನ್ನೊಂದು ಜನರನ್ನು ಕೇಳಿದೆ. ಒಬ್ಬನಿಗೆ ಬೆನ್ನುನೋವು, ಇನ್ನೊಬ್ಬಳಿಗೆ ಮನೆ ಬದಲಾಯಿಸುವುದಿತ್ತು, ಮತ್ತೊಬ್ಬ ನನ್ನನ್ನು ದೂರದಿಂದ ಕಂಡೇ ಲಿಫ್ಟಿನೊಳಗೆ ಜಾರಿಕೊಂಡ. ಒಂದು ಖಾಲಿ ಸಾಲು ವಾಪಸು ಹಾಕಿ ಅಂತ ಕೇಳಿದ್ದು ನಾನು, ಕಿಡ್ನಿ ಕೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಆದರೆ ಅವರ ಜಾಗದಲ್ಲಿ ನಾನಿದ್ದರೆ ನನಗೂ ಬೆನ್ನುನೋವು ಬರುತ್ತಿತ್ತು ಅನ್ನುವುದು ಗೊತ್ತಿದ್ದರಿಂದ ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ನಮ್ಮ ವಿಭಾಗಕ್ಕೆ ಹೊಸ ಹೆಸರು ಬಂತು. ಅಲ್ಲಿಯವರೆಗೆ ನಾವು ಗ್ರಾಹಕ ಪತ್ರ ವಿಭಾಗದವರಾಗಿದ್ದೆವು, ಇನ್ನು ಮುಂದೆ ಗ್ರಾಹಕ ಆನಂದ ವಿಭಾಗದವರಂತೆ. ಕುರ್ಚಿಗಳು ಅವೇ ನೂರ ನಲವತ್ತು, ಆನಂದ ಮಾತ್ರ ಹೊಸದು. ಗೋಡೆಗೆ ಹೊಸ ಬಣ್ಣ ಬಂತು, ಲೋಟಗಳ ಮೇಲೆ ಹೊಸ ಚಿತ್ರ ಬಂತು. ಪ್ರತಿ ಪ್ರೋಗ್ರಾಮಿನ ಫೈಲಿನ ತಲೆಯ ಮೇಲೂ ವಿಭಾಗದ ಹೆಸರು ಬರೆದಿರುತ್ತದೆ, ಅದನ್ನೂ ಬದಲಾಯಿಸಬೇಕು ಅಂತ ಒಟ್ಟಾಗಿಯವರು ಪಟ್ಟು ಹಿಡಿದರು. ಆ ಹೆಸರನ್ನು ಗ್ರಾಹಕರು ಸಾಯಲಿ, ನಾವೇ ಓದುವುದಿಲ್ಲ. ಒಟ್ಟು ಮೂರು ಸಾವಿರದ ನಾನೂರ ಹನ್ನೆರಡು ಫೈಲು. ಎಲ್ಲವನ್ನೂ ಒಂದೇ ಸಲಕ್ಕೆ ಬದಲಾಯಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಗಡ್ಡದವನು ಅರ್ಧ ದಿನದಲ್ಲಿ ಬರೆದ. ಬರೆದು, ಅದನ್ನು ಓಡಿಸುವುದು ನನ್ನ ಕೆಲಸವಲ್ಲ ಅಂತ ಕೈ ತೊಳೆದುಕೊಂಡ. ಓಡಿಸಿದವರ ಹೆಸರು ಮೂರು ಸಾವಿರದ ನಾನೂರ ಹನ್ನೆರಡು ಫೈಲಿನ ಮೇಲೂ ಕೂರುತ್ತದೆ ಅಂತ ಮಹಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಒಬ್ಬರೇ.

ಇಪ್ಪತ್ತೊಂದನೇ ತಾರೀಖಿನ ನಿಂತ ಮೀಟಿಂಗಿನಲ್ಲಿ, ಯಾರು ಓಡಿಸುತ್ತೀರಿ ಅಂತ ಒಟ್ಟಾಗಿಯವರು ಕೇಳಿದರು. ಇನ್ನೂರು ಜೊತೆ ಕಣ್ಣು ನೆಲ ನೋಡಿದವು. ಆಗ ನನ್ನೊಳಗೆ ಏನೋ ಎದ್ದು ಕೂತಿತು. ನಾನು ಎಂಟು ವರ್ಷದಲ್ಲಿ ಅವರಿಗೆ ಬೆಣ್ಣೆ ಹಚ್ಚಿದವಳಲ್ಲ, ಅವತ್ತು ಡಬ್ಬಿಯನ್ನೇ ಖಾಲಿ ಮಾಡಿದೆ.

"ಸರ್, ಇದು ನಮ್ಮಂಥವರು ಮಾಡೋ ಕೆಲಸ ಅಲ್ಲ," ಅಂದೆ. "ಇಷ್ಟು ದೊಡ್ಡ ಬದಲಾವಣೆ. ನೂರು ವರ್ಷ ಆದ್ರೂ ಪ್ರತಿ ಫೈಲಿನ ಚರಿತ್ರೆಯಲ್ಲೂ ಒಂದು ಹೆಸರು ಉಳಿಯುತ್ತೆ. ಅದು ನಿಮ್ಮ ಹೆಸರೇ ಆಗಿರಬೇಕು."

ನಿಂತಲ್ಲೇ ಕೀಬೋರ್ಡ್ ಕುಟ್ಟುತ್ತಿದ್ದ ಪೆನ್ನಕ್ಕನ ಟಕ್ ಟಕ್ ನಿಂತುಹೋಯಿತು. ಗಡ್ಡದವನು ಕೆಮ್ಮಿದ. ಒಟ್ಟಾಗಿಯವರು ಬೇಡ ಬೇಡ ಅಂತ ಎರಡು ಸಲ ಅಂದು, ಮೂರನೆಯ ಸಲಕ್ಕೆ ತಾರೀಖು ಗೊತ್ತು ಮಾಡಿದರು.

ಇಪ್ಪತ್ತಮೂರಕ್ಕೆ ಸಮಾರಂಭ. ಮೇಲಿನ ಮಹಡಿಯಿಂದ ನಿರ್ದೇಶಕರು ಬಂದರು, ಹೂಗುಚ್ಛ ಬಂತು, ಹಸಿರು ದೀಪಗಳ ಪರದೆಯನ್ನು ಅಷ್ಟು ಹೊತ್ತು ಈ ಕೆಲಸಕ್ಕೆ ಬಿಟ್ಟುಕೊಟ್ಟರು. ಒಟ್ಟಾಗಿಯವರು ಎಲ್ಲರ ಮುಂದೆ ಕಂಪ್ಯೂಟರಿನ ಮುಂದೆ ಕೂತರು. ಅವರ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ಅದರ ಅವಧಿ ಮುಗಿದು ಎರಡು ವರ್ಷವಾಗಿತ್ತಂತೆ, ಅಂದರೆ ನಮ್ಮ ಮಹಡಿಯ ಮುಖ್ಯಸ್ಥರು ಎರಡು ವರ್ಷದಿಂದ ಮಹಡಿಯ ಕೆಲಸದ ಬಾಗಿಲನ್ನೇ ತೆರೆದಿರಲಿಲ್ಲ. ಹೊಸ ಪಾಸ್‌ವರ್ಡ್ ತರಿಸುವ ತನಕ ಇಪ್ಪತ್ತು ನಿಮಿಷ ನಿರ್ದೇಶಕರು ಹೂಗುಚ್ಛ ಹಿಡಿದು ನಿಂತಿದ್ದರು. ಕಡೆಗೆ ಗಡ್ಡದವನು ತೋರಿಸಿದ ಕೀಯನ್ನು ಒಟ್ಟಾಗಿಯವರು ತೋರುಬೆರಳಿನಿಂದ ಒತ್ತಿದರು. ಪರದೆಯ ಮೇಲೆ ಫೈಲುಗಳು ಒಂದೊಂದಾಗಿ ಓಡಿದವು. ನಾನು ಮುದುಕಿಯ ಹೆಸರು ಬರುವುದನ್ನೇ ಕಾಯುತ್ತಿದ್ದೆ. ಬಂತು, ಹೋಯಿತು. ಇನ್ನೂರು ಜನ ಚಪ್ಪಾಳೆ ಹೊಡೆದೆವು. ಅಷ್ಟು ಮನಸ್ಸಾರೆ ನಾವು ಅವರಿಗಾಗಿ ಎಂದೂ ಚಪ್ಪಾಳೆ ಹೊಡೆದಿರಲಿಲ್ಲ.

ಮುಂದಿನ ಮುಕ್ಕಾಲು ಗಂಟೆಯನ್ನು ನಾನು ಮರೆಯುವುದಿಲ್ಲ. ಇಡೀ ಮಹಡಿಯಲ್ಲಿ ಯಾರೂ ಯಾವುದಕ್ಕೂ ಓನರ್ ಆಗಿರಲಿಲ್ಲ. ಗಡ್ಡದವನು ಕಾಲು ಚಾಚಿ ಕೂತ. ಪೆನ್ನಕ್ಕ ಪೆನ್ನು ಕೆಳಗಿಟ್ಟು ಕಿಟಕಿಯ ಹೊರಗೆ ನೋಡಿದಳು, ಅವಳ ದೀಪ ಹಳದಿಯಾಯಿತು. ಹತ್ತೊಂಬತ್ತು ಜನ ರಜೆಗೆ ಅರ್ಜಿ ಹಾಕಿದರು, ನಾನು ಎಲ್ಲರಿಗಿಂತ ಮೊದಲು. ಇಪ್ಪತ್ತಾರರ ರೈಲಿಗೆ ಟಿಕೆಟ್ಟನ್ನೂ ತೆಗೆದುಬಿಟ್ಟೆ. ಅತ್ತ ಗಾಜಿನ ಕೋಣೆಯಲ್ಲಿ ಒಟ್ಟಾಗಿಯವರ ಫೋನು ಕುಣಿಯತೊಡಗಿತ್ತು. ಅಭಿನಂದನೆಗಳು, ಈ ಫೈಲಿನ ಓನರ್ ನೀವು ಅನ್ನುವ ಮೇಲ್ ಒಂದಾದ ಮೇಲೊಂದು, ಮೂರು ಸಾವಿರದ ನಾನೂರ ಹನ್ನೆರಡು. ಮೊದಲ ಹತ್ತಿಪ್ಪತ್ತಕ್ಕೆ ಅವರು ನಿರ್ದೇಶಕರ ಕಡೆ ನೋಡಿ ಹಲ್ಲು ಕಿರಿದರು. ಆಮೇಲೆ ಹಲ್ಲು ಒಳಗೆ ಹೋದವು.

ಹನ್ನೆರಡು ಗಂಟೆಗೆ ಎಲ್ಲರಿಗೂ ಒಂದು ಸುತ್ತೋಲೆ ಬಂತು. ಏಳನೇ ದರ್ಜೆ ಮತ್ತು ಅದಕ್ಕಿಂತ ಮೇಲಿನವರಿಗೆ ಓನರ್ ನಿಯಮ ಅನ್ವಯಿಸುವುದಿಲ್ಲ. ಇಂದಿನ ಬದಲಾವಣೆಯ ಮುಂಚೆ ಯಾವ ಫೈಲು ಯಾರದಾಗಿತ್ತೋ ಅವರದೇ ಆಗಿ ಮುಂದುವರಿಯುತ್ತದೆ. ನಾವೆಲ್ಲ ಒಟ್ಟಾಗಿ ಸಹಕರಿಸೋಣ. ಹತ್ತೊಂಬತ್ತು ಅರ್ಜಿಗಳೂ ತಿರಸ್ಕೃತ. ಟಕ್ ಟಕ್ ಮತ್ತೆ ಶುರುವಾಯಿತು.

ನನಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಎಂಟು ವರ್ಷದಿಂದ ಯಾರ ಕೈಯಲ್ಲೂ ಇಲ್ಲದ ಸಿಸ್ಟಮ್ಮು ನಲವತ್ತೈದು ನಿಮಿಷದಲ್ಲಿ ಯಾರ ಕೈಗೆ ಸಿಕ್ಕಿತು ಅಂತ ತಿಳಿಯಬೇಕಿತ್ತು. ಗಾಜಿನ ಕೋಣೆಯ ಹೊರಗೆ ಕೂರುವ ಸೆಕ್ರೆಟರಿಯ ಬಳಿ ಹೋದೆ. ಒಳ್ಳೆಯ ಹೆಂಗಸು, ಯಾವುದನ್ನೂ ಮುಚ್ಚಿಡುವ ಅಭ್ಯಾಸವಿಲ್ಲ. ತನ್ನ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆದು ತೋರಿಸಿದಳು. ಒಂದು ಕಡೆ ಫೈಲುಗಳ ಹೆಸರು, ಇನ್ನೊಂದು ಕಡೆ ಓನರ್‌ಗಳ ಹೆಸರು. ಏನಾದರೂ ಕೆಟ್ಟರೆ ಸಿಸ್ಟಮ್ ಈ ಪಟ್ಟಿ ನೋಡಿ ಫೋನ್ ಮಾಡುತ್ತದೆ. ನಿನ್ನೆಯ ಪಟ್ಟಿಯನ್ನು ನಕಲು ಮಾಡಿ ಇವತ್ತಿನದರ ಮೇಲೆ ಅಂಟಿಸಿದೆ, ಅಷ್ಟೇ ಅಂದಳು. ಮುದುಕಿಯ ಎದುರು ನನ್ನ ಹೆಸರಿತ್ತು.

ಇಲ್ಲಿ ಬೇರೆ ಹೆಸರು ಬರೆಯೋಕಾಗುತ್ತಾ ಅಂತ ಕೇಳಿದೆ.

"ಸಾಹೇಬ್ರು ಹೇಳಿದ್ರೆ ಎರಡು ನಿಮಿಷ," ಅಂದಳು. "ಮುಂಚಿಂದಾನೂ ಹೀಗೇ ಅಲ್ವಾ? ಹೋದ ವರ್ಷ ನಿರ್ದೇಶಕರ ತಮ್ಮನ ಮಗಂದು ಬದಲಾಯಿಸಿದ್ದೆ, ಪಾಪ, ಅವನಿಗೆ ಎಲ್ಲೋ ಪ್ರವಾಸ ಇತ್ತು."

ನಾನು ಬಾಗಿಲು ತಟ್ಟದೆ ಗಾಜಿನ ಕೋಣೆಯೊಳಗೆ ಹೋದೆ. ಒಟ್ಟಾಗಿಯವರು ಹೂಗುಚ್ಛವನ್ನು ಕಸದ ಬುಟ್ಟಿಗೆ ತುರುಕುವ ಪ್ರಯತ್ನದಲ್ಲಿದ್ದರು. ಅದು ಬುಟ್ಟಿಗಿಂತ ದೊಡ್ಡದಿತ್ತು.

"ಮೂವತ್ತಕ್ಕೆ ನನ್ನ ಅಕ್ಕನ ಆಪರೇಷನ್," ಅಂದೆ. "ಆ ಪಟ್ಟಿಯಲ್ಲಿ ನನ್ನ ಹೆಸರು ತೆಗೆದು ನಿಮ್ಮ ಹೆಸರು ಬರೆಸಿ. ನಾಲ್ಕು ದಿನ ಸಾಕು."

ಅವರು ಪಟ್ಟಿ ಅಂದರೆ ಯಾವ ಪಟ್ಟಿ ಅನ್ನಲಿಲ್ಲ, ಅಷ್ಟರ ಮಟ್ಟಿಗೆ ಮೆಚ್ಚಬೇಕು. ಇವತ್ತು ನಿಮಗೆ ಮಾಡಿಕೊಟ್ಟರೆ ನಾಳೆ ಎಲ್ಲರೂ ಬಂದು ಕೇಳುತ್ತಾರೆ ಅಂದರು. ಕೇಳಲಿ ಅಂದೆ. ಶಿಸ್ತು ಅಂತ ಒಂದಿರುತ್ತದೆ ಅಂದರು. ಮೂರು ವರ್ಷದ ಹಿಂದೆ ನಮ್ಮಮ್ಮ ಸಾಯುವಾಗಲೂ ಈ ಪಟ್ಟಿ ಇತ್ತಾ ಅಂತ ಕೇಳಿದೆ. ಅವರು ಹೂಗುಚ್ಛದ ಕಡೆ ನೋಡುತ್ತ, ಭಾವುಕರಾಗಬೇಡಿ ಅಂದರು.

"ನಾನು ಇಪ್ಪತ್ತಾರಕ್ಕೆ ಹೊರಡ್ತೀನಿ," ಅಂದೆ. "ಮುದುಕಿ ಏನಾದ್ರೂ ಕೆಟ್ಟರೆ ಫೋನ್ ಮಾಡಿ. ಬರಲ್ಲ, ಆದ್ರೆ ಫೋನ್ ಎತ್ತುತ್ತೀನಿ."

ಇದನ್ನೆಲ್ಲ ನಿಮ್ಮ ವರ್ಷದ ವರದಿಯಲ್ಲಿ ಬರೆಯಬೇಕಾಗುತ್ತದೆ ಅಂದರು. ಬರೆಯಿರಿ, ಪಾಸ್‌ವರ್ಡ್ ನೆನಪಿದ್ದರೆ ಅಂದೆ. ಹೊರಗೆ ಬಂದೆ. ಕೆಲಸ ಹೋಗಬಹುದು ಅಂತ ಆಗ ಹೊಳೆಯಿತು. ಇಷ್ಟು ವರ್ಷ ಅದಕ್ಕೇ ಹೆದರಿಕೊಂಡು ಕೂತಿದ್ದೆ ಅಂತ ಅದರ ಜೊತೆಗೇ ಹೊಳೆಯಿತು.

ಇಪ್ಪತ್ತೇಳರ ಬೆಳಿಗ್ಗೆ ಬ್ಯಾಗು ಹಿಡಿದು ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತಾಗ ಅಕ್ಕ ಮಂಚದ ಮೇಲೆ ಕೂತು ಯಾವುದೋ ರವಿಕೆಯ ತೋಳಿಗೆ ಕೈಹೊಲಿಗೆ ಹಾಕುತ್ತಿದ್ದಳು. ನನ್ನನ್ನು ನೋಡಿದಳು, ಬ್ಯಾಗನ್ನು ನೋಡಿದಳು.

"ವಾಪಸ್ ಎಷ್ಟೊತ್ತಿಗೆ?" ಅಂದಳು.

ಹೋಗಲ್ಲ ಅಂದೆ. ಅವಳು ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಮೂರು ದಿನ ನಾವಿಬ್ಬರೂ ಅವಳ ಶಿಷ್ಯೆಯರ ಬಗ್ಗೆ, ಪಕ್ಕದ ಮಂಚದ ಹೆಂಗಸಿನ ಗೊರಕೆಯ ಬಗ್ಗೆ, ಆಸ್ಪತ್ರೆಯವರ ನೀರಿನಂಥ ಸಾರಿನ ಬಗ್ಗೆ ಮಾತಾಡಿದೆವು. ರಕ್ತ ಪರೀಕ್ಷೆ, ಎದೆಯ ಪರೀಕ್ಷೆ, ಎಲ್ಲದಕ್ಕೂ ನಾನೇ ಗಾಲಿಕುರ್ಚಿ ತಳ್ಳಿಕೊಂಡು ಹೋದೆ. ನನ್ನ ಫೋನು ಮಾತ್ರ ಯಾವಾಗಲೂ ಕೈಯಲ್ಲೇ. ಸ್ನಾನಕ್ಕೆ ಹೋಗುವಾಗ ಅಕ್ಕನ ಕೈಗೆ ಕೊಟ್ಟು, ಬಂದರೆ ಎತ್ತು ಅಂತ ಹೇಳಿ ಹೋಗುತ್ತಿದ್ದೆ. ಬಂದು ಮೊದಲು ಕೇಳುತ್ತಿದ್ದುದೂ ಅದನ್ನೇ. ದೊಡ್ಡ ಧೈರ್ಯ ಮಾಡಿ ಬಂದವಳ ಅವಸ್ಥೆ ಇದು. ಅಕ್ಕ ಎಲ್ಲವನ್ನೂ ನೋಡುತ್ತಿದ್ದಳು.

ಮೂವತ್ತನೇ ತಾರೀಖು ಬೆಳಿಗ್ಗೆ ಏಳು ಗಂಟೆಗೆ ಮೆಸೇಜು ಬಂತು. ಈ ತಿಂಗಳ ವಿಳಾಸದ ಕೆಲಸ ಯಶಸ್ವಿಯಾಗಿ ಮುಗಿದಿದೆ, ದೋಷಗಳ ಸಂಖ್ಯೆ ಸೊನ್ನೆ. ಫೋನನ್ನು ಬ್ಯಾಗಿಗೆ ಹಾಕಿದೆ. ಅಕ್ಕನಿಗೆ ಆಗಲೇ ಆಪರೇಷನ್ನಿನ ಹಸಿರು ಬಟ್ಟೆ ತೊಡಿಸಿದ್ದರು, ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಳು.

"ಮುಗೀತಾ ನಿನ್ನ ಕೆಲಸ?" ಅಂದಳು.

ಮುಗೀತು ಅಂದೆ.

"ಎಷ್ಟು ಸಲ ಕರೆದ್ರು?"

"ಒಂದು ಸಲಾನೂ ಇಲ್ಲ." ಹೆಮ್ಮೆಯಿಂದಲೇ ಹೇಳಿದೆ ಅಂತ ಕಾಣುತ್ತದೆ. ನೋಡು, ಅವರ ಬೆದರಿಕೆಯೆಲ್ಲ ಪೊಳ್ಳು ಅಂತ ಅವಳಿಗೆ ಹೇಳಿ ನಗಿಸಬೇಕು ಅಂತಿದ್ದೆ.

ಅಕ್ಕ ನಗಲಿಲ್ಲ. ತೊಡೆಯ ಮೇಲಿನ ಹಸಿರು ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿ, ಹೊಲಿಗೆ ಬಿಟ್ಟಿದ್ದ ಕಡೆ ಬೆರಳು ನಿಲ್ಲಿಸಿದಳು.

"ಅಮ್ಮ ಹೋದ ತಿಂಗಳು?" ಅಂದಳು. "ಆ ನಾಲ್ಕು ದಿನ ನೀನು ಅಲ್ಲೇ ಕೂತಿದ್ಯಲ್ಲ. ಆಗ ಎಷ್ಟು ಸಲ ಕರೆದ್ರು?"

ಸುಳ್ಳು ಹೇಳಬಹುದಿತ್ತು. ಎರಡು ಸಲ ಅನ್ನಬಹುದಿತ್ತು, ಒಂದು ಸಲ ಅಂದರೂ ಸಾಕಿತ್ತು. ಅವಳು ಹೂಂ ಅಂದುಬಿಡುತ್ತಿದ್ದಳು. ಆ ನಾಲ್ಕು ದಿನ ನಾನು ಮೇಲಿನ ಪರದೆಯಲ್ಲಿ ನನ್ನ ಹೆಸರಿನ ಮುಂದಿನ ದೀಪ ನೋಡಿಕೊಂಡು ಕೂತಿದ್ದೆ. ಮುದುಕಿ ತನ್ನಷ್ಟಕ್ಕೆ ತಾನು ಕೆಲಸ ಮಾಡಿಕೊಂಡು ಹೋಗಿತ್ತು. ನನ್ನ ಎಂಟು ವರ್ಷದಲ್ಲಿ ಅದು ಒಮ್ಮೆಯೂ ಕೆಟ್ಟಿಲ್ಲ.

"ಆಗಲೂ ಇಲ್ಲ," ಅಂದೆ.

ಅಕ್ಕ ನನ್ನ ಮುಖ ನೋಡಲಿಲ್ಲ. ನಾಲ್ಕು ದಿನವೂ ಅಮ್ಮ ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತೀನಿ ಅಂತ ಹಟ ಮಾಡಿದಳು ಅಂತ ಹೇಳಿದಳು, ಅದನ್ನು ಅವಳು ನನಗೆ ಹೇಳಿದ್ದು ಅದೇ ಮೊದಲು. ಅವಳನ್ನು ಕರೆದೊಯ್ಯಲು ಬರುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ನಾನು ಅವಳ ಬಳೆಗಳನ್ನು ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದೆ.